ಟೆಂಡರ್ ಡಬ್ಬಿ ಮತ್ತು ಅಪ್ಪನ ಚರಂಡಿ

ಬಹಳ ದಿನಗಳಿಂದ ಇತ್ತ ಸುಳಿದಿರಲಿಲ್ಲ. ಕೆಲಸದ ಒತ್ತಡ ಅಂತ ಹೇಳಿದರೆ ನೀವು ನಂಬೋದಿಲ್ಲ, ಸೋಮಾರಿತನ ಅಂತಲೇ ಇಟ್ಕೊಳ್ಳಿ :)

ಹೋದ ತಿಂಗಳು ಊರಿಗೆ ಹೋಗಿದ್ದೆ. ಮನೆಗೆ ಸುಣ್ಣ ಬಣ್ಣ ಮಾಡಿಸೋಣ ಅಂತ ಅಟ್ಟ ಖಾಲಿ ಮಾಡುವಾಗ ಅಪ್ಪನ ಹಳೇ ಟ್ರಂಕು ಸಿಕ್ಕಿತು. ತೆರೆದರೆ ತುಕ್ಕು ವಾಸನೆ, ಒಳಗೆ ಕಾಗದದ ರಾಶಿ. ಟೆಂಡರ್ ಪ್ರಕಟಣೆಯ ಪೇಪರ್ ಕಟಿಂಗುಗಳು, ಕಾರ್ಬನ್ ಕಾಪಿಗಳು, ವರ್ಕ್ ಆರ್ಡರುಗಳು, ಮತ್ತೆ 1998ರದ್ದೊಂದು ಇ.ಎಂ.ಡಿ. ರಸೀತಿ, 2,500 ರೂಪಾಯಿಯದು. ಆ ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲವಂತೆ! ಅಮ್ಮ "ಎಲ್ಲಾ ಒಲೆಗೆ ಹಾಕು" ಅಂದಳು. ಅಪ್ಪ ಮಾತ್ರ, "ಇರ್ಲಿ ಬಿಡೋ, ಅದು ನನ್ನ ಪಿ.ಎಫ್. ಪಾಸ್‌ಬುಕ್ಕು" ಅಂದು ನಕ್ಕರು.

ನಮ್ಮಪ್ಪ ನಾಲ್ಕನೇ ದರ್ಜೆಯ ಕಂಟ್ರಾಕ್ಟರು. ತುಮಕೂರು ಸೀಮೆಯ ಒಂದು ಸಣ್ಣ ಪುರಸಭೆಯಲ್ಲಿ ಚರಂಡಿ, ಮೋರಿ, ಶಾಲೆಯ ಕಾಂಪೌಂಡು, ಬೀದಿಗೆ ಕಾಂಕ್ರೀಟು, ಇಂಥವೇ ಕೆಲಸಗಳು. ಕಂಟ್ರಾಕ್ಟರು ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಬಿಳಿ ಬಟ್ಟೆ, ದೊಡ್ಡ ಕಾರು, ಕೈಯಲ್ಲಿ ನಾಲ್ಕು ಉಂಗುರ ಬರುತ್ತೆ ಅಂತ ಗೊತ್ತು. ನಮ್ಮ ಮನೆಯಲ್ಲಿದ್ದದ್ದು ಒಂದು ಟಿ.ವಿ.ಎಸ್. ಗಾಡಿ, ಅದರ ಹಿಂದೆ ಕಟ್ಟಿದ ಒಂದು ಮೂಟೆ ಸಿಮೆಂಟು.

ಆ ಟ್ರಂಕನ್ನು ನೋಡಿದ ಮೇಲೆ ಒಂದು ಪ್ರಶ್ನೆ ತಲೆಗೆ ಹತ್ತಿತು. ಊರಿನ ಕೆಲಸವನ್ನು ಒಬ್ಬ ಖಾಸಗಿ ಮನುಷ್ಯನಿಗೆ, ಅದೂ ಮುಚ್ಚಿದ ಲಕೋಟೆಯಲ್ಲಿ ಬರೆದ ದರ ನೋಡಿ ಕೊಡುವ ಈ ಪದ್ಧತಿ ಬಂದದ್ದು ಎಲ್ಲಿಂದ? ಎರಡು ಮೂರು ವಾರ ಸಿಕ್ಕಿದ್ದೆಲ್ಲಾ ಓದಿದೆ. ಓದುತ್ತಾ ಹೋದಂತೆ ಇದರಲ್ಲಿ ಯಾವಾಗಲೂ ಮೂರು ಪ್ರಶ್ನೆಗಳಿರುತ್ತವೆ ಅನ್ನಿಸಿತು. ಕೆಲಸ ಯಾರಿಗೆ? ಎಷ್ಟಕ್ಕೆ? ಮಾಡಿದ್ದನ್ನು ಅಳೆದು ದುಡ್ಡು ಕೊಡೋರು ಯಾರು, ಯಾವಾಗ? ಒಂದೊಂದು ಕಾಲ ಒಂದೊಂದು ಪ್ರಶ್ನೆಗೆ ಉತ್ತರ ಹುಡುಕಿದೆ. ಮೂರನ್ನೂ ಒಟ್ಟಿಗೆ ಬಗೆಹರಿಸಿದ ಕಾಲ ನನಗಂತೂ ಕಾಣಲಿಲ್ಲ.

ಕೆರೆ ಕಟ್ಟಿದವನಿಗೆ ಗದ್ದೆ

ಹಳೇ ಕಾಲದ ಸಾರ್ವಜನಿಕ ಕಾಮಗಾರಿ ಅಂದರೆ ನಮ್ಮಲ್ಲಿ ಮುಖ್ಯವಾಗಿ ಕೆರೆ. ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಅನ್ನೋ ಪದಗಳು ಸಿಗುತ್ತವೆ. ಎಲ್ಲವೂ ಹೆಚ್ಚು ಕಡಿಮೆ ಒಂದೇ ಜಾತಿಯ ವ್ಯವಸ್ಥೆಗಳು. ಕೆರೆ ಕಟ್ಟಿದವನಿಗೆ ಅಥವಾ ಅದನ್ನು ದುರಸ್ತಿ ಮಾಡಿ ಕಾಪಾಡುವವನಿಗೆ ಆ ಕೆರೆಯ ಕೆಳಗಿನ ಜಮೀನಿನಲ್ಲಿ ಒಂದು ಪಾಲು. ಗಮನಿಸಿ, ಇಲ್ಲಿ ಬಿಲ್ ಪಾವತಿಯೇ ಇಲ್ಲ. ಏರಿ ಒಡೆದರೆ ಮೊದಲು ಒಣಗೋದು ಕಟ್ಟಿದವನ ಗದ್ದೆ! ಹಾಗಾಗಿ ಗುಣಮಟ್ಟ ನೋಡಿಕೊಳ್ಳಲು ಬೇರೆ ಇಂಜಿನಿಯರ್ ಬೇಕಾಗಿರಲಿಲ್ಲ. 'ಡಿಫೆಕ್ಟ್ ಲಯಬಿಲಿಟಿ' ಅಂತ ಈಗ ಟೆಂಡರ್ ಪತ್ರದಲ್ಲಿ ಪುಟಗಟ್ಟಲೆ ಬರೆಯುವುದನ್ನು ಅವರು ಒಂದು ತುಂಡು ಗದ್ದೆಯಲ್ಲಿ ಮುಗಿಸಿದ್ದರು.

ದೊಡ್ಡ ಕೆಲಸಗಳ ದಾರಿಯೇ ಬೇರೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಸಂಸ್ಕೃತ ಶಾಸನವಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು. ದಿನಕ್ಕೆ ಸಾವಿರ ಆಳು, ಕಲ್ಲು ಸಾಗಿಸಲು ನೂರು ಗಾಡಿ, ಎರಡು ವರ್ಷದ ಕೆಲಸ ಅಂತ ಅದರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಇನ್ನೂ ಚೆಂದದ ವಿಷಯ ಅಂದರೆ, ಒಳ್ಳೇ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ, ಇರಬಾರದ ಆರು ದೋಷಗಳನ್ನೂ ಪಟ್ಟಿ ಮಾಡಿದ್ದಾರೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷವಂತೆ! ಕಾವೇರಿ ಜಗಳ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಬಿಡಿ :) ನನ್ನ ಕಣ್ಣಿಗೆ ಅದು ಕಲ್ಲಿನ ಮೇಲೆ ಕೆತ್ತಿದ ಟೆಕ್ನಿಕಲ್ ಸ್ಪೆಸಿಫಿಕೇಷನ್.

ಅದಾದ ಮೇಲೆ ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಕೆರೆಯ ಬಗ್ಗೆ ಬರೆದಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದರಂತೆ. ರಾಜ ಆ ಕೆಲಸವನ್ನು ಭಾಗ ಮಾಡಿ ತನ್ನ ನಾಯಕರಿಗೆ ಹಂಚಿದ್ದನಂತೆ, ಒಬ್ಬೊಬ್ಬ ನಾಯಕನಿಗೆ ಒಂದೊಂದು ತುಂಡು. ಇದನ್ನು ಓದಿದಾಗ ನಮ್ಮ ಪುರಸಭೆಯ 'ತುಂಡು ಗುತ್ತಿಗೆ' ನೆನಪಾಗಿ ನಗು ಬಂತು. ಆದರೆ ಅಲ್ಲಿ ದರದ ಪ್ರಶ್ನೆ ಇರಲಿಲ್ಲ. ರಾಜ ಹೇಳಿದ, ನಾಯಕ ಮಾಡಿಸಿದ, ಅಷ್ಟೆ. ಕೂಲಿಯವನಿಗೆ ಎಷ್ಟು ಸಿಕ್ಕಿತು ಅನ್ನುವುದನ್ನು ಯಾರೂ ಕಲ್ಲಿನ ಮೇಲೆ ಕೆತ್ತಲಿಲ್ಲ.

ಗುತ್ತಿಗೆ ಅನ್ನೋ ಪದ ಕೂಡ ಆಗ ಈ ಅರ್ಥದಲ್ಲಿರಲಿಲ್ಲ. ಶಾಸನಗಳ 'ಗುತ್ತಗೆ' ಅಂದರೆ ನಿಗದಿಯಾದ ಗೇಣಿಗೆ ಜಮೀನು ಹಿಡಿಯುವುದು. ಅದು ಕಾಮಗಾರಿಗೆ ಅಂಟಿಕೊಂಡಿದ್ದು ಆಮೇಲೆ.

ಮರಾಮತ್ತಿನಿಂದ ಪಿ.ಡಬ್ಲ್ಯು.ಡಿ.ಗೆ

ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಮೈಸೂರಿನಲ್ಲಿ ರಸ್ತೆ, ಕೆರೆ, ಕಟ್ಟಡಗಳ ಕೆಲಸಕ್ಕೆ ಮರಾಮತ್ತು ಅನ್ನುತ್ತಿದ್ದರು. ಕಂದಾಯ ವಸೂಲಿ ಮಾಡುವ ಅಧಿಕಾರಿಗಳೇ ಇದನ್ನೂ ನೋಡಿಕೊಳ್ಳುತ್ತಿದ್ದರು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದಾಗ ಕಂಪನಿ ಸರ್ಕಾರ ಲೋಕೋಪಯೋಗಿ ಇಲಾಖೆಯನ್ನು ಪ್ರತ್ಯೇಕವಾಗಿ ಕಟ್ಟಿತು. ಮೈಸೂರಿನಲ್ಲೂ 1856ರಲ್ಲಿ, ಕಬ್ಬನ್ ಸಾಹೇಬರು ಕಮಿಷನರ್ ಆಗಿದ್ದಾಗ, ಅಂಥದೇ ಇಲಾಖೆ ಶುರುವಾಯಿತು.

ಇಲಾಖೆಯ ಜೊತೆ ಅದರ ಪದ್ಧತಿಯೂ ಬಂತು. ಮೊದಲು ಅಂದಾಜು ಪಟ್ಟಿ. ಅದಕ್ಕೊಂದು ಆಡಳಿತಾತ್ಮಕ ಮಂಜೂರಾತಿ, ಇನ್ನೊಂದು ತಾಂತ್ರಿಕ ಮಂಜೂರಾತಿ. ದರಗಳಿಗೆ ಒಂದು ಶೆಡ್ಯೂಲು. ಆಮೇಲೆ ಟೆಂಡರು, ಕರಾರು. ಕೊನೆಗೆ ಎಂ.ಬಿ., ಅಂದರೆ ಮೆಷರ್‌ಮೆಂಟ್ ಬುಕ್. ಪುಟಗಳಿಗೆಲ್ಲಾ ನಂಬರ್ ಹಾಕಿದ, ಒಂದೂ ಹಾಳೆ ಹರಿಯುವಂತಿಲ್ಲದ, ಬರೆದದ್ದನ್ನು ಅಳಿಸುವಂತಿಲ್ಲದ ಪುಸ್ತಕ. ಕೆಲಸ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ದಪ್ಪ ಆಗಿದೆ ಅಂತ ಇಂಜಿನಿಯರ್ ಅಳೆದು ಇದರಲ್ಲಿ ಬರೆಯಬೇಕು. ಬರೆದರೆ ಮಾತ್ರ ಬಿಲ್ಲು. ನಾನು ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರಿಗೆ ಬಂದವನು, ನಮ್ಮಲ್ಲಿ ಕೋಡಿಗೆ 'ಕಮಿಟ್ ಹಿಸ್ಟರಿ' ಅಂತ ಇರುತ್ತಲ್ಲ, ಅಂಥದ್ದೇ ಇದು. ನಿಜವಾಗಿಯೂ ಒಳ್ಳೆಯ ಡಿಸೈನ್! ಆದರೆ ಅಳೆಯುವವನು ಟೇಪು ಹಿಡಿದು ಬರಬೇಕಷ್ಟೆ.

ಕಡಿಮೆ ದರದವನಿಗೇ ಕೆಲಸ ಅನ್ನುವ ನಿಯಮದ ಹಿಂದೆ ಆಡಿಟ್‌ನ ಭಯವೂ ಇದೆ. ಕಡಿಮೆ ಬರೆದವನಿಗೆ ಕೊಟ್ಟರೆ ಯಾರೂ ಕೇಳೋದಿಲ್ಲ. ಎರಡನೆಯವನಿಗೆ ಕೊಟ್ಟರೆ ಅಧಿಕಾರಿ ಕಾರಣ ಬರೆಯಬೇಕು, ಆಮೇಲೆ ಅದನ್ನು ಸಮರ್ಥಿಸಿಕೊಳ್ಳಬೇಕು. ಯಾಕೆ ಬೇಕು ಆ ಉಸಾಬರಿ?

ಸಣ್ಣ ಊರಿಗೆ ಡಬ್ಬಿ ಬಂತು

ಇತ್ತ ಊರುಗಳ ಆಡಳಿತವೂ ಬೆಳೆಯುತ್ತಿತ್ತು. 1850ರ ಕಾಯ್ದೆಯ ಪ್ರಕಾರ 1862ರಲ್ಲಿ ಬೆಂಗಳೂರಿಗೆ ಮುನಿಸಿಪಲ್ ಸಮಿತಿ ಬಂತು. 1882ರಲ್ಲಿ ರಿಪ್ಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದ. ಏಕೀಕರಣದ ಮೊದಲು ಮೈಸೂರಿಗೊಂದು, ಮುಂಬೈ ಕರ್ನಾಟಕಕ್ಕೊಂದು, ಮದ್ರಾಸಿನ ಭಾಗಕ್ಕೊಂದು ಮುನಿಸಿಪಲ್ ಕಾನೂನು ಇತ್ತು. 1964ರ ಪುರಸಭೆಗಳ ಕಾಯ್ದೆ ಎಲ್ಲವನ್ನೂ ಒಂದು ಮಾಡಿತು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಹನ್ನೆರಡನೇ ಅನುಸೂಚಿಯಲ್ಲಿ ಹದಿನೆಂಟು ವಿಷಯಗಳನ್ನು ಪಟ್ಟಿ ಮಾಡಿ ಇವೆಲ್ಲಾ ನಗರಾಡಳಿತದ ಕೆಲಸ ಅಂತು. ಜವಾಬ್ದಾರಿ ಬಂತು. ದುಡ್ಡು ಮಾತ್ರ ಬಹುಪಾಲು ಮೇಲಿನಿಂದಲೇ ಅನುದಾನದ ರೂಪದಲ್ಲಿ ಬರಬೇಕು. ಈ ಮಾತನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತೆ.

ನಮ್ಮ ಪುರಸಭೆ ಕಚೇರಿಯ ಅಂಗಳದಲ್ಲಿ ವರ್ಷಕ್ಕೆರಡು ತಮಾಷೆ ನಡೆಯುತ್ತಿತ್ತು ಅಂತ ಅಪ್ಪ ಹೇಳುತ್ತಿದ್ದರು. ಒಂದು ಸಂತೆ ಸುಂಕದ ಹರಾಜು. ಎಲ್ಲರ ಎದುರಿಗೆ ಕೂಗು, ಹೆಚ್ಚು ಕೂಗಿದವನಿಗೆ ಸುಂಕ. ಇನ್ನೊಂದು ಕಾಮಗಾರಿಗಳ ಟೆಂಡರು. ಇಲ್ಲಿ ಯಾರೂ ಕೂಗುವಂತಿಲ್ಲ, ಅರಗಿನ ಸೀಲು ಹಾಕಿದ ಲಕೋಟೆ ಡಬ್ಬಿಗೆ ಹಾಕಬೇಕು, ಕಡಿಮೆ ಬರೆದವನಿಗೆ ಕೆಲಸ. "ಹರಾಜಿನಲ್ಲಿ ಗಲಾಟೆ ಜಾಸ್ತಿ ಮೋಸ ಕಡಿಮೆ, ಟೆಂಡರಿನಲ್ಲಿ ಗಲಾಟೆ ಕಡಿಮೆ" ಅಂತ ಹೇಳಿ ಉಳಿದದ್ದನ್ನು ನುಂಗಿಕೊಳ್ಳುತ್ತಿದ್ದರು.

ತೊಂಬತ್ತರ ದಶಕದ ಆ ಡಬ್ಬಿಯ ಕಥೆ ಕೇಳಿ. ಮೊದಲು ಟೆಂಡರ್ ಫಾರಂ ಸಿಗಬೇಕು. ಕೇಳಿದ ದಿನ ಗುಮಾಸ್ತರು ರಜೆ. ಸಿಕ್ಕರೆ, ಡಬ್ಬಿಯ ಹತ್ತಿರ ನಾಲ್ಕು ಜನ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಾರೆ. "ಏನಣ್ಣ ಈ ಕಡೆ?" ಅಂತ ಪ್ರೀತಿಯಿಂದಲೇ ಕೇಳುತ್ತಾರೆ. ಹಿಂದಿನ ರಾತ್ರಿ ಲಾಡ್ಜಿನಲ್ಲಿ 'ರಿಂಗ್' ಆಗಿರುತ್ತೆ. ಈ ಕೆಲಸ ಇವನಿಗೆ, ಮುಂದಿನದು ಅವನಿಗೆ, ಉಳಿದವರು ಹೆಚ್ಚಿನ ದರ ಬರೆದು ಲೆಕ್ಕಕ್ಕೆ ಮೂರು ಲಕೋಟೆ ತೋರಿಸಬೇಕು, ಅದಕ್ಕೊಂದಿಷ್ಟು ದುಡ್ಡು. ಅಪ್ಪ ಅದಕ್ಕೆ 'ಸುಮ್ಮನಿರೋ ಕೂಲಿ' ಅಂತ ಹೆಸರಿಟ್ಟಿದ್ದರು. ತಾವು ಅದನ್ನು ತಗೊಂಡಿದ್ದೀರಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಸಲ" ಅಂದರು.

ಕಾಯ್ದೆ, ಆಮೇಲೆ ಕಂಪ್ಯೂಟರು

ಈ ರೋಗ ನಮ್ಮೂರಿನದ್ದು ಮಾತ್ರ ಅಲ್ಲ. ತಮಿಳುನಾಡು 1998ರಲ್ಲೇ ಟೆಂಡರ್ ಪಾರದರ್ಶಕತೆಗೆ ಕಾಯ್ದೆ ಮಾಡಿತು. ಕರ್ನಾಟಕದ 'ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999' ಜಾರಿಗೆ ಬಂದದ್ದು 2000ದ ಅಕ್ಟೋಬರ್ 4ರಂದು. ಎಲ್ಲರ ಬಾಯಲ್ಲೂ ಅದು ಕೆ.ಟಿ.ಪಿ.ಪಿ. ಕಾಯ್ದೆ. ಟೆಂಡರನ್ನು ಬುಲೆಟಿನ್ನಿನಲ್ಲಿ ಪ್ರಕಟಿಸಬೇಕು, ಮೊದಲೇ ಹೇಳಿದ ಮಾನದಂಡದ ಮೇಲೆಯೇ ತೂಗಬೇಕು. 2000ದ ನಿಯಮಗಳ ಪ್ರಕಾರ 2 ಕೋಟಿಯವರೆಗಿನ ಕೆಲಸಕ್ಕೆ ಟೆಂಡರ್ ಸಲ್ಲಿಸಲು ಕನಿಷ್ಠ 30 ದಿನ, ಅದಕ್ಕಿಂತ ದೊಡ್ಡದಕ್ಕೆ 60 ದಿನ ಕೊಡಬೇಕಿತ್ತು. ಅನ್ಯಾಯವಾಗಿದೆ ಅನ್ನಿಸಿದವನಿಗೆ 16ನೇ ಕಲಮಿನಡಿ ಮೇಲ್ಮನವಿಯ ಹಕ್ಕು. ಅಂದರೆ "ಕೆಲಸ ಯಾರಿಗೆ?" ಅನ್ನೋ ಮೊದಲ ಪ್ರಶ್ನೆಗೆ ಬರಹದಲ್ಲಿ ಒಂದು ಉತ್ತರ ಸಿಕ್ಕಿತು.

ಕಿಂಡಿಗಳೂ ಜೊತೆಗೇ ಇದ್ದವು. ಒಂದು ಮೊತ್ತಕ್ಕಿಂತ ಸಣ್ಣ ಕೆಲಸಕ್ಕೆ ಟೆಂಡರ್ ಬೇಡ. ಹಾಗಾಗಿ ದೊಡ್ಡ ಕೆಲಸವನ್ನು ಕತ್ತರಿಸಿ ಸಣ್ಣದು ಮಾಡುವ ಕಲೆ ಬೆಳೆಯಿತು. 4(ಜಿ) ಅನ್ನೋ ಕಲಮಿನಡಿ ಸರ್ಕಾರ ವಿನಾಯಿತಿ ಕೊಡಬಹುದು. ಗುತ್ತಿಗೆದಾರರನ್ನೇ ದೂರವಿಟ್ಟು ಹಳ್ಳಿಯ ಜನರಿಗೆ ಕೆಲಸ ಕೊಡಬೇಕು ಅಂತ 1974ರಲ್ಲಿ ಹುಟ್ಟಿದ ಭೂಸೇನಾ ನಿಗಮ, 2009ರಲ್ಲಿ ಹೆಸರು ಬದಲಾಯಿಸಿಕೊಂಡು ಕೆ.ಆರ್.ಐ.ಡಿ.ಎಲ್. ಆಯಿತು. ಅದಕ್ಕೂ ಹೀಗೆ ಟೆಂಡರ್ ಇಲ್ಲದೆ ಕೆಲಸಗಳು ಹೋಗುತ್ತಿದ್ದವು.

ಆಂಧ್ರದಲ್ಲಿ 2003ರಲ್ಲೇ ಇ-ಪ್ರೊಕ್ಯೂರ್‌ಮೆಂಟ್ ಶುರುವಾಗಿತ್ತು, ನಮ್ಮಲ್ಲಿ 2007ರ ಕೊನೆಯ ಹೊತ್ತಿಗೆ ಬಂತು. ನಮ್ಮೂರಿನ ಪುರಸಭೆಯ ಕೆಲಸಗಳಿಗೆ ಅದು ಇಳಿಯುವ ಹೊತ್ತಿಗೆ ನಾನು ಹೈಸ್ಕೂಲಿನಲ್ಲಿದ್ದೆ. ಡಬ್ಬಿ ಹೋಯಿತು, ಅದರ ಸುತ್ತ ಕೂರುವ ನಾಲ್ಕು ಜನವೂ ಹೋದರು! ಅದರ ಬದಲು ಡಿಜಿಟಲ್ ಸಿಗ್ನೇಚರ್ ಅನ್ನೋ ಒಂದು ಪುಟ್ಟ ಕಡ್ಡಿ ಬಂತು. ಅಪ್ಪ ಅದನ್ನು ಬನಿಯನ್ ಜೇಬಿನಲ್ಲಿಟ್ಟುಕೊಂಡು ನನ್ನನ್ನು ಸೈಬರ್ ಸೆಂಟರಿಗೆ ಕರೆದುಕೊಂಡು ಹೋಗುತ್ತಿದ್ದರು. ಒಂದು ದಿನ ಜಾವಾ ವರ್ಷನ್ ಸರಿ ಇಲ್ಲ, ಇನ್ನೊಂದು ದಿನ ಕರೆಂಟ್ ಇಲ್ಲ. ನಾನು ಮುಂದೆ ಸಾಫ್ಟ್‌ವೇರ್ ಇಂಜಿನಿಯರ್ ಆಗುವುದಕ್ಕೆ ಆ ಪೋರ್ಟಲ್ಲಿನ ಮೇಲಿನ ಸಿಟ್ಟೂ ಒಂದು ಕಾರಣ ಇರಬಹುದು :)

ಮೈನಸ್ ಹತ್ತೊಂಬತ್ತು

ರಿಂಗ್ ಇದ್ದಾಗ ದರ ಅಂದಾಜಿಗಿಂತ ಸ್ವಲ್ಪ ಮೇಲೆಯೇ ಇರುತ್ತಿತ್ತು. ರಿಂಗ್ ಒಡೆದ ಮೇಲೆ ದರ ಪಾತಾಳಕ್ಕೆ ಇಳಿಯಿತು. ಬೇರೆ ತಾಲ್ಲೂಕಿನವರೂ ಕೂತಲ್ಲಿಂದಲೇ ಟೆಂಡರ್ ಹಾಕತೊಡಗಿದರು. ಮೇಲ್ನೋಟಕ್ಕೆ ಪುರಸಭೆಗೆ ಲಾಭ.

2014ರಲ್ಲಿ ಒಂದು ಚರಂಡಿ ಕೆಲಸ ಬಂತು. ಅಂದಾಜು 6.40 ಲಕ್ಷ. ಪರ್ಸೆಂಟೇಜ್ ಟೆಂಡರು, ಅಂದರೆ ಅಂದಾಜಿಗಿಂತ ಎಷ್ಟು ಪರ್ಸೆಂಟ್ ಕಡಿಮೆಗೆ ಅಥವಾ ಹೆಚ್ಚಿಗೆ ಮಾಡುತ್ತೀರಿ ಅಂತ ಒಂದೇ ಸಂಖ್ಯೆ ಬರೆಯಬೇಕು. ಸೈಬರ್ ಸೆಂಟರಿನಲ್ಲಿ ನನ್ನ ಬೆರಳು ಕೀಬೋರ್ಡಿನ ಮೇಲೆ. ಅಪ್ಪ ಬಹಳ ಹೊತ್ತು ಯೋಚಿಸಿ, "ಮೈನಸ್ ಹತ್ತೊಂಬತ್ತು ಹಾಕು" ಅಂದರು.

"ಲಾಸ್ ಆಗಲ್ವ ಅಪ್ಪ?"

"ನೀ ಒತ್ತೋ."

ಒತ್ತಿದೆ. ಎರಡನೆಯವನು ಮೈನಸ್ ಹದಿನಾರು. ಕೆಲಸ ನಮಗಾಯಿತು, 5,18,400 ರೂಪಾಯಿಗೆ.

ಈಗ ಲೆಕ್ಕ ಮಾಡಿದರೆ ಅರ್ಥವಾಗುತ್ತೆ. ಅಂದಾಜಿನ ದರದೊಳಗೆ ಕಂಟ್ರಾಕ್ಟರನ ಲಾಭ ಹತ್ತು ಪರ್ಸೆಂಟ್ ಇದೆ ಅಂತಿಟ್ಟುಕೊಂಡರೂ ಬರೀ ಖರ್ಚೇ 5.82 ಲಕ್ಷದ ಹತ್ತಿರ. ಅಂದರೆ ಸುಮಾರು 63 ಸಾವಿರ ರೂಪಾಯಿ ಕೆಳಗಿನಿಂದ ಶುರು ಮಾಡಿದ್ದಾರೆ! ಯಾಕೆ? ಮೇಸ್ತ್ರಿಗೂ ಅವನ ಕಡೆಯ ಎಂಟು ಜನಕ್ಕೂ ಮೂರು ತಿಂಗಳಿಂದ ಕೆಲಸ ಇರಲಿಲ್ಲ, ಬಿಟ್ಟರೆ ಬೆಂಗಳೂರಿಗೆ ಹೋಗಿಬಿಡುತ್ತಾರೆ. ವರ್ಷಕ್ಕೊಂದು ಕೆಲಸವಾದರೂ ತೋರಿಸದಿದ್ದರೆ ಮುಂದಿನ ಟೆಂಡರಿಗೆ ಅರ್ಹತೆಯೇ ಇರುವುದಿಲ್ಲ. ಮಿಕ್ಸರು, ಸೆಂಟ್ರಿಂಗ್ ಶೀಟು ಸ್ವಂತದ್ದು, ಬಾಡಿಗೆ ಉಳಿಯುತ್ತೆ ಅನ್ನೋ ಧೈರ್ಯ ಬೇರೆ.

ಇಂಥ ದರದಲ್ಲಿ ಕೆಲಸ ಹಿಡಿದವನ ಮುಂದೆ ಇರೋದು ಎರಡೇ ದಾರಿ. ಸಿಮೆಂಟು ಕಡಿಮೆ ಮಾಡಬೇಕು, ಇಲ್ಲಾ ಮನೆಯಿಂದ ಹಾಕಬೇಕು. ತಳದ ಕಾಂಕ್ರೀಟು ಆರು ಇಂಚಿನ ಬದಲು ನಾಲ್ಕು ಇಂಚು ಹಾಕಿ ಮೇಲೆ ಸಾರಿಸಿದರೆ ಯಾರಿಗೂ ಕಾಣೋದಿಲ್ಲ. ಅಳೆಯುವವರು ಒಪ್ಪಿಕೊಂಡರೆ ಎಂ.ಬಿ.ಯಲ್ಲಿ ಆರು ಇಂಚೇ ಬರುತ್ತೆ. ಅಪ್ಪ ಎರಡನೇ ದಾರಿ ಹಿಡಿದರು. ಅಮ್ಮನ ಸರ ಒಂದು ಲಕ್ಷಕ್ಕೆ ಅಡವಿಗೆ ಹೋಯಿತು, ತಿಂಗಳಿಗೆ ಒಂದೂವರೆ ಪರ್ಸೆಂಟ್ ಬಡ್ಡಿ.

ಕೆಲಸ ಎರಡು ತಿಂಗಳಲ್ಲಿ ಮುಗಿಯಿತು, ಬಿಲ್ಲು ಬರಲು ಹನ್ನೊಂದು ತಿಂಗಳಾಯಿತು. ಅನುದಾನ ಬಂದಿಲ್ಲ, ಮುಖ್ಯಾಧಿಕಾರಿ ವರ್ಗ ಆದರು, ಹೊಸಬರು ಫೈಲ್ ನೋಡಬೇಕು, ಮಾರ್ಚ್ ಮುಗಿಯಿತು. ಬಡ್ಡಿಯೇ 16,500 ಆಯಿತು. ಬಂದ ಬಿಲ್ಲಿನಲ್ಲಿ ಆದಾಯ ತೆರಿಗೆ, ಕಾರ್ಮಿಕ ಸೆಸ್ಸು, ರಾಯಲ್ಟಿ, ಭದ್ರತಾ ಠೇವಣಿ ಅಂತ ಕಡಿತಗಳು. ಅಷ್ಟರಲ್ಲಿ 2015ರಲ್ಲಿ ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕಿ, ಮೊದಲ ವರ್ಷದ ಫೀಸನ್ನು ಸೋದರಮಾವ ಕಟ್ಟಿದ್ದರು. ಆ ಸಾಲ ತೀರಿಸಿದ್ದು ನನ್ನ ಮೊದಲ ವರ್ಷದ ಸಂಬಳದಲ್ಲಿ. ಮೈನಸ್ ಹತ್ತೊಂಬತ್ತು ಒತ್ತಿದ ಬೆರಳು ಇದೇ ಅನ್ನುವುದು ನನಗೆ ಈಗಲೂ ಒಂಥರಾ ಚುಚ್ಚುತ್ತೆ.

ಮೂರನೇ ಪ್ರಶ್ನೆ

ಆಮೇಲೂ ಬದಲಾವಣೆಗಳು ಬಂದವು. ಪರಿಶಿಷ್ಟ ಜಾತಿ ಮತ್ತು ಪಂಗಡದ ಗುತ್ತಿಗೆದಾರರಿಗೆ 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಒಟ್ಟು ಶೇಕಡಾ 24.1ರಷ್ಟು ಮೀಸಲು ಇಡುವ ತಿದ್ದುಪಡಿ ಬಂತು, 2023ರಲ್ಲಿ ಆ ಮಿತಿ 1 ಕೋಟಿಗೆ ಏರಿತು. ಶತಮಾನಗಳಿಂದ ಕಲ್ಲು ಹೊತ್ತವರು ಕರಾರಿಗೆ ಸಹಿ ಹಾಕುವವರಾಗಲಿ ಅನ್ನುವುದು ನನಗಂತೂ ಸರಿ ಅನ್ನಿಸುತ್ತೆ. 2017ರಲ್ಲಿ ಜಿ.ಎಸ್.ಟಿ. ಬಂತು. ಸರ್ಕಾರಿ ಕಾಮಗಾರಿಗಳ ಮೇಲಿದ್ದ ಶೇಕಡಾ 12ರ ತೆರಿಗೆ 2022ರ ಜುಲೈನಲ್ಲಿ 18 ಆಯಿತು. ಇನ್ನೊಂದು ಕಡೆ, ಹತ್ತು ಸಣ್ಣ ಕೆಲಸ ಸೇರಿಸಿ ಒಂದು ದೊಡ್ಡ 'ಪ್ಯಾಕೇಜ್' ಮಾಡುವ ಚಾಳಿ ಹೆಚ್ಚಿತು. ನಾಲ್ಕನೇ ದರ್ಜೆಯವನು ಅದರ ಹತ್ತಿರವೂ ಸುಳಿಯುವಂತಿಲ್ಲ. ಅಪ್ಪ 2019ರಲ್ಲಿ ಲೈಸೆನ್ಸ್ ನವೀಕರಿಸಲಿಲ್ಲ. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘ, ಶೇಕಡಾ 40ರವರೆಗೆ ಕಮಿಷನ್ ಕೊಡಬೇಕಾಗಿದೆ ಅಂತ ಆರೋಪಿಸಿ ಪ್ರಧಾನಿಗೆ ಪತ್ರ ಬರೆದದ್ದು ನಿಮಗೆಲ್ಲಾ ನೆನಪಿರಬಹುದು. ಅಪ್ಪ ಆ ಸುದ್ದಿ ನೋಡಿ ಟಿ.ವಿ. ಆರಿಸಿದರು, ಏನೂ ಹೇಳಲಿಲ್ಲ.

ಒಟ್ಟು ಕಥೆ ನೋಡಿದರೆ ನನಗೆ ಅನ್ನಿಸೋದು ಇಷ್ಟು. ಕಟ್ಟುಕೊಡಗೆಯ ಕಾಲದಲ್ಲಿ ಕಟ್ಟಿದವನು ತನ್ನ ಕೆಲಸದ ಜೊತೆಗೇ ಬದುಕಬೇಕಿತ್ತು, ಆದರೆ ಆ ಅವಕಾಶ ಎಲ್ಲರಿಗೂ ಇರಲಿಲ್ಲ. ಟೆಂಡರು ಬಾಗಿಲು ತೆರೆಯಿತು. ಕಾಯ್ದೆ ಮತ್ತು ಕಂಪ್ಯೂಟರು ಸೇರಿ ಆ ಬಾಗಿಲಿನಲ್ಲಿ ಕೂತವರನ್ನು ಎಬ್ಬಿಸಿದವು. "ಯಾರಿಗೆ, ಎಷ್ಟಕ್ಕೆ" ಅನ್ನುವುದು ಇವತ್ತು ಪರದೆಯ ಮೇಲೆ ಕಾಣುತ್ತೆ. ಅಳೆಯುವುದು ಮತ್ತು ಪಾವತಿ ಮಾತ್ರ ಆ ಹಳೇ ಎಂ.ಬಿ. ಪುಸ್ತಕ ಮತ್ತು ಒಂದು ಫೈಲಿನ ನಡುವೆಯೇ ನಿಂತಿವೆ. ಬಿಲ್ಲು ಯಾವಾಗ ಬರುತ್ತೋ ಗೊತ್ತಿಲ್ಲದವನು ಒಂದೋ ಕೆಲಸ ಕೆಡಿಸುತ್ತಾನೆ, ಇಲ್ಲಾ ತಾನೇ ಕೆಡುತ್ತಾನೆ.

ಇದರಲ್ಲಿ ನಮ್ಮ ಕೈಲಾಗೋದು ಒಂದಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕಾಗದ ಕೇಳುವ ಹಕ್ಕು ಮಾತ್ರ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ಪ್ರಮಾಣಿತ ಮಾದರಿ ಪಡೆಯುವ ಹಕ್ಕೂ ಇದೆ. ನಿಮ್ಮ ಬೀದಿಯ ಚರಂಡಿಯ ಎಂ.ಬಿ. ಪ್ರತಿ ಕೇಳಿ. ಒಂದು ಟೇಪು ತಗೊಂಡು ಹೋಗಿ ಅಳೆದು ನೋಡಿ. ಜೊತೆಗೆ ಅದರ ಬಿಲ್ಲು ಯಾವಾಗ ಪಾವತಿಯಾಯಿತು ಅಂತಲೂ ಕೇಳಿ. ಸರಿಯಾಗಿ ಕೆಲಸ ಮಾಡಿದ ಕಂಟ್ರಾಕ್ಟರನಿಗೂ ಅದರಿಂದ ಉಪಕಾರವೇ.

ಊರಿನಿಂದ ಹೊರಡುವ ದಿನ ಜೋರು ಮಳೆ. ಅಪ್ಪ ಕೊಡೆ ಹಿಡಿದು ಎಲ್ಲಿಗೋ ಹೊರಟರು, ನಾನೂ ಹಿಂದೆ ಹೋದೆ. ಆ ಚರಂಡಿಯ ಹತ್ತಿರ ನಿಂತು ನೀರು ಹೋಗೋದನ್ನು ನೋಡುತ್ತಿದ್ದರು. ಹತ್ತು ವರ್ಷ ದಾಟಿದೆ, ಒಂದು ಬಿರುಕೂ ಬಿಟ್ಟಿಲ್ಲ.

"ಆರು ಇಂಚು ಇದೆ ಕಣೋ, ಬೇಕಾದ್ರೆ ಅಗೆದು ನೋಡು" ಅಂದರು.

ಟ್ರಂಕನ್ನು ಮತ್ತೆ ಅಟ್ಟಕ್ಕೇ ಏರಿಸಿ ಬಂದಿದ್ದೇನೆ. ನಿಮ್ಮ ಊರುಗಳಲ್ಲೂ ಇಂಥ ಟ್ರಂಕುಗಳು ಇರಬಹುದು. ಇದ್ದರೆ ಒಲೆಗೆ ಹಾಕುವ ಮೊದಲು ಒಮ್ಮೆ ತೆರೆದು ಓದಿ, ಸಿಕ್ಕಿದ್ದನ್ನು ಬರೆಯಿರಿ.